ಫ್ರೀ ಟಿಪ್ಸ್‌ಗೆ ದುಡ್ಡೇ ಕೊಡಲ್ಲ, ಮತ್ತೆ ನಷ್ಟ ಎಲ್ಲಿಂದ?

ಜಯನಗರದ ಹುಡುಗ: ಐಪಿಎಲ್ ಬಂತಂದ್ರೆ ಟೆಲಿಗ್ರಾಂ ತುಂಬ ಫ್ರೀ ಬೆಟ್ಟಿಂಗ್ ಟಿಪ್ಸ್ ಚಾನೆಲ್‌ಗಳು. "ಹತ್ತಕ್ಕೆ ಎಂಟು ಪಾಸ್" ಅಂತ ಸ್ಕ್ರೀನ್‌ಶಾಟ್ ಹಾಕ್ತಾರೆ, ಒಂದು ಪೈಸೆ ಕೇಳಲ್ಲ. ಸರಿ ಅನ್ನಿಸಿದ್ರೆ ತಗೊಳ್ಳೋದು, ಇಲ್ಲಾಂದ್ರೆ ಬಿಡೋದು. ಇದಕ್ಕೆ ಎಲ್ರೂ ಯಾಕಿಷ್ಟು ಬೈತಾರೆ?

ಲೆಕ್ಕದ ಮೇಷ್ಟ್ರು: ಯಾವ ರೇಟಿಗೆ ಎಂಟು ಪಾಸ್ ಅನ್ನೋದನ್ನ ಸ್ಕ್ರೀನ್‌ಶಾಟಲ್ಲಿ ಹುಡುಕಿ, ಇರಲ್ಲ. 1.20 ರೇಟು ಅಂದ್ರೆ 100 ಹಾಕಿ ಗೆದ್ರೆ ಅಸಲು ಸೇರಿ 120 ವಾಪಸ್. ಆ ರೇಟಿನ ಫೇವರಿಟ್ ತಂಡಗಳನ್ನೇ ಹೇಳ್ತಾ ಹೋದ್ರೆ ಹತ್ತಕ್ಕೆ ಎಂಟು ಯಾರಿಗೂ ಬರುತ್ತೆ. ತಲಾ 100 ರೂಪಾಯಿ ಹಾಕಿದ್ರೆ ಎಂಟು ಗೆಲುವಿಗೆ 160 ಬಂತು, ಎರಡು ಸೋಲಿಗೆ 200 ಹೋಯ್ತು. 1.20ರಲ್ಲಿ ಬರೀ ಅಸಲು ಉಳಿಬೇಕಂದ್ರೂ ಆರಕ್ಕೆ ಐದು ಗೆಲ್ಲಬೇಕು.

ಸಮಬಲದ ಪಂದ್ಯದಲ್ಲಿ ಎರಡೂ ಕಡೆ 1.90 ಅಂತ ಇಟ್ಕೊಳ್ಳಿ. 1ನ್ನ 1.90ರಿಂದ ಭಾಗಿಸಿ, ಆ ರೇಟು ಹೇಳೋ ಗೆಲುವಿನ ಸಾಧ್ಯತೆ ಶೇ 52.6. ಎರಡೂ ಕಡೆ ಕೂಡಿದ್ರೆ 105 ಚಿಲ್ಲರೆ. ನೂರರ ಮೇಲಿರೋದು ಬುಕ್ಕಿಯ ಪಾಲು. ಈಗ ಚಾನೆಲ್‌ನೋರಿಗೆ ಬಲು ಪ್ರೀತಿಯ ನಾಲ್ಕು ಪಂದ್ಯದ ಮಲ್ಟಿ (ನಾಲ್ಕೂ ಗೆದ್ರೆ ಮಾತ್ರ ದುಡ್ಡು ಬರೋ ಒಂದೇ ಬೆಟ್) ನೋಡಿ: 1.90ನ್ನ ನಾಲ್ಕು ಸಲ ಗುಣಿಸಿದ್ರೆ 13.03, ಸಮಬಲದ ನಾಲ್ಕೂ ಗೆಲ್ಲೋ ಸಾಧ್ಯತೆ ಹದಿನಾರಕ್ಕೆ ಒಂದು, ಹಾಗಾಗಿ ನ್ಯಾಯವಾಗಿ ಸಿಗಬೇಕಾದ್ದು 16. ಹಾಕಿದ 100ಕ್ಕೆ ಸರಾಸರಿ 81 ವಾಪಸ್. ಒಂದೇ ಪಂದ್ಯಕ್ಕಾದ್ರೆ 95.

ಗುರು ಸ್ವಲ್ಪ ತಡಿ: ಲೆಕ್ಕ ಒಪ್ಪಿದೆ ಮೇಷ್ಟ್ರೇ. ಆದ್ರೆ ಸತತ ಐದು ಮ್ಯಾಚ್ ಕರೆಕ್ಟಾಗಿ ಹೇಳಿದೋರೂ ಇದಾರಲ್ಲ? ಅದೂ ಮ್ಯಾಚಿಗೆ ಮುಂಚೆ. ಅದು ವಿದ್ಯೆ ಅಲ್ವಾ?

ಕೋಡ್ ಮಂಜ: 3,200 ಜನಕ್ಕೆ ಬೇರೆ ಬೇರೆ ಗ್ರೂಪಲ್ಲಿ ಮೆಸೇಜ್ ಹಾಕು ಗುರು. ಅರ್ಧ ಜನಕ್ಕೆ ಈ ತಂಡ, ಇನ್ನರ್ಧಕ್ಕೆ ಆ ತಂಡ. ತಪ್ಪು ಹೋದ ಗ್ರೂಪ್ ಬಿಟ್ಟು ಉಳಿದ 1,600ನ್ನ ಮತ್ತೆ ಅರ್ಧ ಮಾಡು. 800, 400, 200, 100. ಐದನೇ ಮ್ಯಾಚ್ ಮುಗಿದಾಗ 100 ಜನ "ಇವನು ದೇವ್ರು" ಅಂತಿರ್ತಾರೆ. ವಿಐಪಿ ಗ್ರೂಪಿಗೆ ದುಡ್ಡು ಕೇಳೋದು ಅವರನ್ನೇ.

ಒಂದೇ ಚಾನೆಲ್ ಇಟ್ಟೋರದ್ದು ಇನ್ನೂ ಸುಲಭ: ತಪ್ಪಾದ ಪೋಸ್ಟ್ ಡಿಲೀಟ್. ಪಬ್ಲಿಕ್ ಚಾನೆಲ್ ಆದ್ರೆ ಹಿಡಿಯೋಕೆ ದಾರಿ ಇದೆ. ಪೋಸ್ಟಿನ ಲಿಂಕ್ ಕಾಪಿ ಮಾಡಿ, ಕೊನೇಲಿ ಒಂದು ಸಂಖ್ಯೆ ಇರುತ್ತೆ. 412 ಆದ್ಮೇಲೆ ನೇರ 419 ಬಂದ್ರೆ ನಡುವಿನ ಆರು ಎಲ್ಲಿ ಹೋದ್ವು ಅಂತ ಕೇಳಿ. ಫೋಟೋ ಆಲ್ಬಮ್ ಹಾಕಿದ್ರೂ, ಪೋಸ್ಟ್ ಪಿನ್ ಮಾಡಿದ್ರೂ ಸಂಖ್ಯೆ ಖರ್ಚಾಗುತ್ತೆ, ಅದಕ್ಕೆ ಒಂದೆರಡು ಬಿಟ್ಟುಹೋದ್ರೆ ತಲೆ ಕೆಡಿಸ್ಕೋಬೇಡಿ. ಸೋತ ದಿನಾನೇ ಪ್ರತಿ ಸಲ ಗ್ಯಾಪ್ ಇದ್ರೆ ವಿಷಯ ಗೊತ್ತಾಯ್ತಲ್ಲ.

ಚಿನ್ನಸ್ವಾಮಿ ಪಿ ಸ್ಟ್ಯಾಂಡ್: ಬೆಳಿಗ್ಗೆ ಹನ್ನೊಂದಕ್ಕೆ ಬರೋ ಟಿಪ್ಸ್‌ಗೆ ಏನು ಗೊತ್ತಿರುತ್ತೆ? ಟಾಸ್ ಆಗಿಲ್ಲ, ಆಡೋ ಹನ್ನೊಂದು ಜನ ಗೊತ್ತಿಲ್ಲ. 2023ರಿಂದ ಇಂಪ್ಯಾಕ್ಟ್ ಪ್ಲೇಯರ್ (ಪಂದ್ಯದ ಮಧ್ಯೆ ಒಬ್ಬನ ಬದಲು ಇಳಿಸೋ ಆಟಗಾರ) ಬಂದ್ಮೇಲಂತೂ ಟಾಸ್ ನೋಡ್ಕೊಂಡು ತಂಡ ಹೇಳೋಕೆ ಕ್ಯಾಪ್ಟನ್‌ಗಳಿಗೆ ಅವಕಾಶ. ನಮ್ಮ ಚಿನ್ನಸ್ವಾಮಿ ಬೌಂಡರಿ ಚಿಕ್ಕದು, ರಾತ್ರಿ ಇಬ್ಬನಿ ಬಿದ್ರೆ ಬೌಲರ್ ಕೈಲಿ ಚೆಂಡು ನಿಲ್ಲಲ್ಲ. 2024ರ ಏಪ್ರಿಲ್ 15ಕ್ಕೆ ಹೈದರಾಬಾದ್ ಇಲ್ಲಿ 287 ಹೊಡೆದಾಗ ಆರ್‌ಸಿಬಿ 262 ತನಕ ಹೋಯ್ತು. ಇಂಥ ಗ್ರೌಂಡಿಗೆ "ಮೊದಲ ಆರು ಓವರ್ 48ರ ಒಳಗೆ, ಪಕ್ಕಾ" ಅಂತಾನೆ ಟಿಪ್ಸ್ ಕೊಡೋನು. ಪಕ್ಕಾ ಅಂತೆ!

ರೇಸ್‌ಕೋರ್ಸ್ ರಸ್ತೆ: ಕ್ರಿಕೆಟ್ ಬಿಡಿ ಸ್ವಾಮಿ. ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹೊರೋ ತೂಕ, ಜಾಕಿ, ಬೆಳಗಿನ ಟ್ರ್ಯಾಕ್ ವರ್ಕ್ ನೋಡಿ ಕೊಡೋ ಟಿಪ್ಸ್‌ನ ಇದೇ ಸಾಲಿಗೆ ಸೇರಿಸಬೇಡಿ.

ಲೆಕ್ಕದ ಮೇಷ್ಟ್ರು: ಟಿಪ್ ಸರಿಯಿದ್ರೂ ಟೋಟ್‌ನಲ್ಲಿ ಪೆಟ್ಟು ಬೀಳುತ್ತೆ ಸಾರ್. ಟೋಟ್ ಅಂದ್ರೆ ಎಲ್ರೂ ಕಟ್ಟಿದ್ದನ್ನ ಒಂದೇ ಪೂಲಿಗೆ ಹಾಕಿ, ಕಡಿತ ಹಿಡ್ಕೊಂಡು, ಉಳಿದದ್ದನ್ನ ಗೆದ್ದೋರಿಗೆ ಹಂಚೋದು. ವಿನ್ ಪೂಲಲ್ಲಿ 1,00,000 ಇದೆ, ಅದ್ರಲ್ಲಿ 40,000 ಆ ಕುದುರೆ ಮೇಲೆ. ಕಡಿತ ಶೇ 20 ಅಂದ್ಕೊಳ್ಳೋಣ. 80,000ನ್ನ 40,000ದಿಂದ ಭಾಗಿಸಿದ್ರೆ ರೂಪಾಯಿಗೆ ಎರಡು. ಟಿಪ್ ಹರಡಿ ಇನ್ನೂ 20,000 ಅದೇ ಕುದುರೆ ಮೇಲೆ ಬಿತ್ತು. ಈಗ 96,000 ಭಾಗಿಸು 60,000, ರೂಪಾಯಿಗೆ 1.60. ಕುದುರೆ ಗೆಲ್ಲೋ ಸಾಧ್ಯತೆ ಕೂದಲಷ್ಟೂ ಬದಲಾಗಿಲ್ಲ. ಇದರ ಮೇಲೆ, 2025ರ ಸೆಪ್ಟೆಂಬರ್ 22ರಿಂದ ಕಟ್ಟೋ ಪೂರ್ತಿ ಮೊತ್ತಕ್ಕೆ ಶೇ 40 ಜಿಎಸ್‌ಟಿ. ಗೆದ್ದದ್ದು 10,000 ದಾಟಿದ್ರೆ ಶೇ 30 ಟಿಡಿಎಸ್, ಸೋತ ಟಿಕೆಟ್‌ಗಳನ್ನ ಅದ್ರಲ್ಲಿ ಕಳೆಯೋ ಹಾಗಿಲ್ಲ.

ರೇಸ್‌ಕೋರ್ಸ್ ರಸ್ತೆ: ಟೋಟ್ ಮಾತು ಒಪ್ಪಿದೆ. ಲೈಸೆನ್ಸ್ ಇರೋ ಬುಕ್ಕಿ ಹತ್ರ ಕಟ್ಟಿದ ಹೊತ್ತಿನ ರೇಟೇ ಖಾಯಂ, ಅದನ್ನ ಮರೀಬೇಡಿ.

ಲೆಕ್ಕದ ಮೇಷ್ಟ್ರು: ಖಾಯಂ ಹೌದು. ಆದ್ರೆ ಎಲ್ರೂ ಒಂದೇ ಕುದುರೆ ಕೇಳ್ಕೊಂಡು ಬಂದ್ರೆ ಬೋರ್ಡಲ್ಲಿ ರೇಟ್ ಇಳಿಸ್ದೇ ಇರ್ತಾನಾ? ಫ್ರೀ ಟಿಪ್ ಕೈಗೆ ಸಿಗೋ ಹೊತ್ತಿಗೆ 2.10 ಇದ್ದದ್ದು 1.90 ಆಗಿರುತ್ತೆ. ಎರಡಕ್ಕೊಂದು ಗೆಲ್ಲೋ ಟಿಪ್ 2.10ಕ್ಕೆ ನೂರಕ್ಕೆ ಐದು ಲಾಭ, 1.90ಕ್ಕೆ ನೂರಕ್ಕೆ ಐದು ನಷ್ಟ.

ಗುರು ಸ್ವಲ್ಪ ತಡಿ: ಸೋತ್ರೆ ಡಬಲ್ ಮಾಡಿ ರಿಕವರಿ ಮಾಡಿ ಅಂತಾರಲ್ಲ, ಅದು?

ಕೋಡ್ ಮಂಜ: 500ರಿಂದ ಶುರು ಮಾಡಿ ಆರು ಸಲ ಸೋತ್ರೆ 31,500 ಹೋಯ್ತು. ಏಳನೇದು 32,000. 1.90ರಲ್ಲಿ ಅದು ಗೆದ್ರೂ ಬರೋ ಲಾಭ 28,800. ಗೆದ್ದ ಮೇಲೂ 2,700 ಕೈ ಬಿಟ್ಟಿದೆ!

ಫ್ರೀ ಯಾಕೆ ಅಂದ್ರೆ, ಟಿಪ್ಸ್ ಕೆಳಗಿರೋ ಲಿಂಕಲ್ಲಿ ಐಡಿ (ಬೆಟ್ಟಿಂಗ್ ಸೈಟಿನ ಖಾತೆ) ಮಾಡ್ಕೊಂಡೋರು ಸೋತ ಹಣದಲ್ಲಿ ಚಾನೆಲ್‌ನೋರಿಗೆ ಪರ್ಸೆಂಟೇಜ್ ಸಿಗೋ ಒಪ್ಪಂದ ಇರುತ್ತೆ. ನೀವು ಸೋತಷ್ಟೂ ಅವರಿಗೆ ಸಂಬಳ.

ಕಾನೂನು ಕಟ್ಟೆ: 2025ರ ಆಗಸ್ಟ್ 22ಕ್ಕೆ ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಪ್ರಕಾರ ದುಡ್ಡಿನಾಟ ನಡೆಸೋರಿಗೆ 3 ವರ್ಷ ಜೈಲು, 1 ಕೋಟಿ ದಂಡದವರೆಗೆ, ಜಾಹೀರಾತು ಮಾಡೋರಿಗೆ 2 ವರ್ಷ, 50 ಲಕ್ಷದವರೆಗೆ. ಆಡೋನಿಗೆ ಅದ್ರಲ್ಲಿ ಶಿಕ್ಷೆ ಇಲ್ಲ. ಹಾಗಂತ ನಿರಾಳ ಆಗ್ಬೇಡಿ. ಈ ಐಡಿಗಳಿಗೆ ಯುಪಿಐ ಹೋಗೋದು ಬಾಡಿಗೆಗೆ ತಗೊಂಡ ಯಾರದೋ ಖಾತೆಗೆ, ಗೆದ್ದದ್ದು ಬರೋದೂ ಹಾಗೇ. ಆ ಖಾತೆ ಮೇಲೆ ಸೈಬರ್ ವಂಚನೆ ದೂರಿದ್ರೆ ಹಣದ ಜಾಡು ಹಿಡಿದು ನಿಮ್ಮ ಖಾತೆನೂ ಫ್ರೀಜ್ ಆಗಬಹುದು. ಸಂಬಳದ ಖಾತೆ ಆದ್ರೆ ಬಾಡಿಗೆ, ಇಎಂಐ ಎಲ್ಲ ನಿಂತುಹೋಗುತ್ತೆ. ವಿಐಪಿ ಹೆಸ್ರಲ್ಲಿ ದುಡ್ಡು ಕಿತ್ಕೊಂಡಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಯುಪಿಐ ವಹಿವಾಟಿನ ಸಂಖ್ಯೆ ಕೈಲಿಟ್ಕೊಂಡು.

ಜಯನಗರದ ಹುಡುಗ: ದುಡ್ಡು ಹಾಕ್ದೇ ಒಂದು ಚಾನೆಲ್ ಪರೀಕ್ಷೆ ಮಾಡೋಕೆ ಆಗುತ್ತಾ?

ಲೆಕ್ಕದ ಮೇಷ್ಟ್ರು: ಆಗುತ್ತೆ. ಒಂದು ಶೀಟಲ್ಲಿ ಪೋಸ್ಟ್ ಸಂಖ್ಯೆ, ಬಂದ ಸಮಯ, ಅವರು ಹೇಳಿದ ರೇಟು, ಐದು ನಿಮಿಷ ಬಿಟ್ಟು ಇದ್ದ ರೇಟು, ಮ್ಯಾಚ್ ಶುರುವಾದಾಗಿನ ರೇಟು, ಫಲಿತಾಂಶ ಬರೀರಿ. ಮ್ಯಾಚ್ ಶುರುವಿನ ರೇಟು ಸಾಮಾನ್ಯವಾಗಿ ಅವರು ಹೇಳಿದ್ದಕ್ಕಿಂತ ಮೇಲಿದ್ರೆ ಟಿಪ್‌ನಲ್ಲಿ ಹುರುಳಿಲ್ಲ. ಒಂದು ಸೀಸನ್‌ನ 74 ಪಂದ್ಯ ಕೂಡ ಸಾಲಲ್ಲ, ನಾಣ್ಯ ಚಿಮ್ಮಿ ಹೇಳಿದ್ರೂ 43 ಸರಿ ಬರೋದು ದೊಡ್ಡ ವಿಶೇಷ ಏನಲ್ಲ.

ಗುರು ಸ್ವಲ್ಪ ತಡಿ: ಅಂದ್ರೆ ಮೂರ್ನಾಲ್ಕು ಸೀಸನ್ ಬರೀಬೇಕು?

ಲೆಕ್ಕದ ಮೇಷ್ಟ್ರು: ಹೌದು. ಅಷ್ಟು ದಿನ ಆ ಚಾನೆಲ್ ಅದೇ ಹೆಸರಲ್ಲಿ ಉಳಿದಿದ್ರೆ.