ಅಕ್ರಮವಾಗಿ ಸಿಕ್ಕ ಸಾಕ್ಷ್ಯ: ತಳ್ಳಿಹಾಕುವ ಅಧಿಕಾರ ನ್ಯಾಯಾಧೀಶರಿಗೆ ಬೇಡವೇ?

ತುಂಗಾತೀರ:
ಪೂರಣ್ ಮಲ್ ಪ್ರಕರಣದ (1974) ನಂತರ ನಮ್ಮ ನ್ಯಾಯಾಲಯಗಳು ಹಿಡಿದ ದಾರಿ ಇದು: ಶೋಧನೆ ಅಕ್ರಮವಾಗಿದ್ದರೂ, ಸಿಕ್ಕಿದ್ದು ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ ಅದು ಸಾಕ್ಷ್ಯವೇ. ಸಂವಿಧಾನವೋ ಕಾಯ್ದೆಯೋ ನಿಷೇಧಿಸಿದ್ದರೆ ಮಾತ್ರ ಬೇರೆ ಮಾತು. ವಾರಂಟ್ ಇಲ್ಲದೆ ಬಾಗಿಲು ಒಡೆದವರೂ ಗೆಲ್ಲುವುದು ನ್ಯಾಯವೇ?

ನಿವೃತ್ತ ತನಿಖಾಧಿಕಾರಿ:
ರಕ್ತ ಮೆತ್ತಿದ ಮಚ್ಚು ಸಿಕ್ಕಿದೆ ಎನ್ನಿ. ಪಂಚನಾಮೆಯಲ್ಲಿ ಲೋಪವಾದರೆ ಮಚ್ಚು ಸುಳ್ಳಾಗುತ್ತದೆಯೇ? ತಪ್ಪು ಮಾಡಿದ ಪೊಲೀಸನ ಮೇಲೆ ಇಲಾಖಾ ವಿಚಾರಣೆ ನಡೆಸಿ. ಆ ಶಿಕ್ಷೆಯನ್ನು ಮಗನನ್ನು ಕಳೆದುಕೊಂಡ ತಾಯಿಯ ಮೇಲೆ ಹೊರಿಸಬೇಡಿ.

ಧಾರವಾಡದ ವಕೀಲ:
ಅಕ್ರಮ ಶೋಧನೆಗಾಗಿ ಇಲಾಖಾ ಶಿಕ್ಷೆ ಅನುಭವಿಸಿದ ಒಬ್ಬರನ್ನೂ ನನ್ನ ಇಪ್ಪತ್ತು ವರ್ಷಗಳ ವಕೀಲಿಯಲ್ಲಿ ನಾನು ಕಂಡಿಲ್ಲ, ಸರ್. ಮಚ್ಚು ಎಲ್ಲಿ ಸಿಕ್ಕಿತೆಂದು ಹೇಳುವುದು ಪಂಚನಾಮೆಯೇ. ಹಲವು ಪ್ರಕರಣಗಳಲ್ಲಿ ಅದೇ ಇಬ್ಬರು ಪಂಚರ ಸಹಿಯನ್ನು ನೋಡಿದವನಿಗೆ ಆ ಕಾಗದದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಮಾದಕ ವಸ್ತು ಕಾಯ್ದೆಯ 50ನೇ ಕಲಮನ್ನು ನೋಡಿ. ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧನೆ ಕೇಳುವ ಹಕ್ಕಿದೆಯೆಂದು ತಿಳಿಸದೆ ಮೈ ತಡಕಿ ಹಿಡಿದ ಮಾಲೊಂದರಿಂದಲೇ ಶಿಕ್ಷೆ ಕೊಡಲಾಗದು ಎಂದು ಬಲದೇವ್ ಸಿಂಗ್ ಪ್ರಕರಣದಲ್ಲಿ (1999) ಸುಪ್ರೀಂ ಕೋರ್ಟ್ ಹೇಳಿತು. ಅದರಿಂದ ತನಿಖೆಗಳೇನೂ ನಿಂತುಹೋಗಲಿಲ್ಲ.

ಕಾನೂನು ವಿದ್ಯಾರ್ಥಿನಿ:
ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಸಲ್ಲದೆಂದು 2010ರಲ್ಲಿ ತೀರ್ಪಾದ ಸೆಲ್ವಿ ಪ್ರಕರಣದಲ್ಲಿ ಪ್ರತಿವಾದಿ ನಮ್ಮ ಕರ್ನಾಟಕ ಸರ್ಕಾರವೇ. ಮನಸ್ಸಿಗೆ ಸಿಕ್ಕ ಆ ರಕ್ಷಣೆ ಮನೆಗೂ ಮೊಬೈಲಿಗೂ ಏಕಿಲ್ಲ? 1983ರಲ್ಲೇ ಕಾನೂನು ಆಯೋಗದ 94ನೇ ವರದಿ ಸಾಕ್ಷ್ಯ ಕಾಯ್ದೆಗೆ 166ಎ ಕಲಮನ್ನು ಸೇರಿಸಲು ಸೂಚಿಸಿತ್ತು. ಅದು ಜಾರಿಗೆ ಬಂದಿದ್ದರೆ, ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ಒಪ್ಪುವುದರಿಂದ ನ್ಯಾಯದಾನಕ್ಕೇ ಕಳಂಕ ಬರುತ್ತದೆ ಎನಿಸಿದರೆ ನ್ಯಾಯಾಧೀಶರು ಅದನ್ನು ನಿರಾಕರಿಸಬಹುದಿತ್ತು. ಆ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಕೈಬಿಟ್ಟಿದ್ದು ನನಗೆ ನೋವಿನ ಸಂಗತಿ.

ನಿವೃತ್ತ ತನಿಖಾಧಿಕಾರಿ:
ಒಬ್ಬ ನ್ಯಾಯಾಧೀಶರು ಒಪ್ಪಿದ್ದನ್ನು ಇನ್ನೊಬ್ಬರು ತಳ್ಳಿಹಾಕಿದರೆ, ಬೆಳಗಿನ ಜಾವ ದಾಳಿಗೆ ಹೊರಟ ಸಬ್ ಇನ್ಸ್‌ಪೆಕ್ಟರ್ ಯಾವುದನ್ನು ನೆಚ್ಚಿಕೊಳ್ಳಬೇಕು?

ಕಾನೂನು ವಿದ್ಯಾರ್ಥಿನಿ:
ಅಳತೆಗೋಲುಗಳನ್ನೂ ಆಯೋಗವೇ ಕೊಟ್ಟಿತ್ತು: ಮಾನವ ಘನತೆಗೆ ಎಷ್ಟು ಧಕ್ಕೆಯಾಯಿತು, ಪ್ರಕರಣ ಎಷ್ಟು ಗಂಭೀರ, ತಪ್ಪು ಉದ್ದೇಶಪೂರ್ವಕವೋ, ತುರ್ತು ಇತ್ತೋ. ತುರ್ತಿನಲ್ಲಿ ಎಡವಿದ ಅಧಿಕಾರಿಗೂ ಬೇಕೆಂದೇ ಹೊಡೆದು ಬಡಿದವನಿಗೂ ಅಲ್ಲಿ ಒಂದೇ ತಕ್ಕಡಿ ಇರಲಿಲ್ಲ.

ನಿವೃತ್ತ ತನಿಖಾಧಿಕಾರಿ:
ಬೇಕೆಂದೇ ಮಾಡಿದವನನ್ನು ನಾನು ಸಮರ್ಥಿಸುವುದಿಲ್ಲ. ಈಗ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧನೆ, ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಅಷ್ಟು ಸಾಲದೇ?

ಧಾರವಾಡದ ವಕೀಲ:
ಚಿತ್ರೀಕರಿಸದೆ ತಂದ ಮಾಲನ್ನು ಏನು ಮಾಡಬೇಕೆಂದು ಆ ಕಲಮಿನಲ್ಲಿ ಒಂದು ಸಾಲೂ ಇಲ್ಲವಲ್ಲ, ಸರ್.