ಬಲಕ್ಕೆ ತಿರುಗಿದರೆ ಸಾಕು, ಸ್ಟಿರಪ್ ಜಾರುತ್ತದೆ

ಕೇಳಿದ್ದು: ಎರಡು ವರ್ಷದಿಂದ ಕುದುರೆ ಸವಾರಿ ಕಲಿಯುತ್ತಿದ್ದೇನೆ. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಬಲಕ್ಕೆ ಸುತ್ತು ಹಾಕುವಾಗ ಬಲಗಾಲಿನ ಸ್ಟಿರಪ್ (ಪಾದ ಇಡುವ, ಜೀನಿನಿಂದ ನೇತಾಡುವ ಬಳೆ) ಜಾರಿ ಹೋಗುತ್ತದೆ. ಎಡಕ್ಕೆ ಹಾಗಾಗಲ್ಲ. ‘ನೆಟ್ಟಗೆ ಕೂರು’ ಅಂತ ಮೇಷ್ಟ್ರು ಕೂಗುತ್ತಾರೆ. ನನಗೆ ನೆಟ್ಟಗೇ ಕೂತಿದ್ದೇನೆ ಅನಿಸುತ್ತದೆ! ಸರಿಮಾಡಿಕೊಂಡವರು ಯಾರಾದರೂ ಇದ್ದೀರಾ?

ಒಬ್ಬರು: ನನ್ನದೂ ಇದೇ ಕಥೆ. ಮೈಯನ್ನು ಬೈಯುವ ಮೊದಲು ಸಾಮಾನು ನೋಡಿ. ಸ್ಟಿರಪ್ಪಿನ ಎರಡೂ ಬೆಲ್ಟು ಬಿಚ್ಚಿ, ಒಂದೇ ಮೊಳೆಗೆ ನೇತುಹಾಕಿ. ತೂತು ಎಣಿಸಿದರೆ ಸಾಲದು, ತೂತು ಸಮ ಇದ್ದರೂ ತೊಗಲು ಹಿಗ್ಗಿರುತ್ತದೆ. ನಾವು ಯಾವಾಗಲೂ ಎಡಗಡೆಯಿಂದಲೇ ಹತ್ತುತ್ತೇವೆ, ಅಲ್ವಾ? ಇಡೀ ಮೈಭಾರ ಬೀಳುವುದು ಎಡ ಬೆಲ್ಟಿನ ಮೇಲೆ. ಈಗ ನಾನು ಕಟ್ಟೆ ಮೇಲೆ ನಿಂತು ಹತ್ತುತ್ತೇನೆ, ಬೆಲ್ಟುಗಳನ್ನು ಆಗಾಗ ಅದಲುಬದಲು ಮಾಡುತ್ತೇನೆ. ಜೀನು ಬೆನ್ನಿನ ನಡುವೆ ಕೂತಿದೆಯಾ ಅಂತಲೂ ಹಿಂದಿನಿಂದ ನೋಡಿಸಿ. ದೂರ ನಿಂತು ನೋಡಲಿ, ಒದೆ ತಿನ್ನುವುದು ಬೇಡ.

ಆಮೇಲೆ ವಿಡಿಯೋ. ಅಂಗಿಯ ಬೆನ್ನ ಮೇಲೆ ಕಾಲರಿನಿಂದ ಸೊಂಟದವರೆಗೆ ಬಿಳಿ ಟೇಪು ಅಂಟಿಸಿ, ಹಿಂದಿನಿಂದ ತೆಗೆಸಿದೆ. ನೋಡಿ ನಾಚಿಕೆಯಾಯಿತು. ಬಲ ಭುಜ ಇಳಿದಿದೆ, ಬಲ ಪಕ್ಕೆ ಮಡಚಿದೆ, ಕುಂಡೆ ಪೂರ್ತಿ ಎಡಕ್ಕೆ ಜಾರಿದೆ. ತಲೆ ಬಲಕ್ಕೆ ವಾಲಿದ್ದಕ್ಕೆ ಭಾರವೂ ಬಲಕ್ಕಿದೆ ಅಂದುಕೊಂಡಿದ್ದೆ. ಉಲ್ಟಾ! ಸೀಟು ಎಡಕ್ಕೆ ಹೋದಾಗ ಬಲಗಾಲು ತಾನಾಗಿ ಮೇಲೆಳೆದುಕೊಳ್ಳುತ್ತದೆ, ಸ್ಟಿರಪ್ ಸಡಿಲವಾಗುತ್ತದೆ. ‘ಹಿಮ್ಮಡಿ ಒತ್ತು’ ಅಂದರೆಂದು ಒತ್ತಿದಷ್ಟೂ ಪಕ್ಕೆ ಇನ್ನೂ ಮಡಚುತ್ತಿತ್ತು.

ಕೆಲಸಕ್ಕೆ ಬಂದದ್ದು ಇಷ್ಟೇ. ಕುದುರೆ ನಡಿಗೆಯಲ್ಲಿರುವಾಗ ಬಲಗೈ ಮೇಲೆತ್ತಿ ಒಂದು ಸುತ್ತು. ಕಂಕುಳಿಗೂ ಸೊಂಟದ ಮೂಳೆಗೂ ನಡುವೆ ಜಾಗ ಸಿಗುತ್ತದೆ. ಕೈ ಇಳಿಸಿದರೂ ಆ ಜಾಗ ಬಿಟ್ಟುಕೊಡಬಾರದು. ಕುಂಡೆಯ ಎರಡೂ ಮೂಳೆ ಜೀನಿಗೆ ಒಂದೇ ಸಮ ತಾಗಬೇಕು. ನಿಜವಾಗಿ ನೆಟ್ಟಗಾದ ದಿನ ಬಲಕ್ಕೆ ಬಿದ್ದೇ ಹೋಗುತ್ತೇನೆ ಅನಿಸಿತ್ತು. ಆ ಸೊಟ್ಟ ಅನಿಸಿಕೆಯೇ ಸರಿ ಅಂತ ನಂಬಲು ನನಗೆ ತಿಂಗಳು ಹಿಡಿಯಿತು. ಅಲ್ಲಿವರೆಗೂ ಕಣ್ಣಿಗೆ ಕಂಡದ್ದನ್ನು ನಂಬಿ, ಮೈ ಹೇಳುವುದನ್ನಲ್ಲ.

ಇನ್ನೊಬ್ಬರು: ಕುದುರೆಗೂ ಎಡಚ, ಬಲಚ ಅಂತ ಇರುತ್ತದೆ. ಕೆಲವು ನಿಮ್ಮನ್ನು ಒಂದು ಕಡೆಗೆ ತಳ್ಳಿಯೇ ಕೂರಿಸುತ್ತವೆ. ಬೇರೆ ಕುದುರೆ, ಬೇರೆ ಜೀನಿನಲ್ಲಿ ಕೂತು ನೋಡಿ. ಅಲ್ಲಿ ತೊಂದರೆ ಇಲ್ಲದಿದ್ದರೆ ತಪ್ಪು ಪೂರ್ತಿ ನಿಮ್ಮದಲ್ಲ. ಟ್ರಾಟ್‌ನಲ್ಲಿ ಏಳುವಾಗ, ಅಂದರೆ ಕುದುರೆಯ ಕುಲುಕು ಓಟದ ತಾಳಕ್ಕೆ ಜೀನಿನಿಂದ ಎದ್ದು ಕೂರುವಾಗ, ಕುದುರೆಯ ಹೊರಗಡೆಯ ಭುಜ ಮುಂದೆ ಬಂದಾಗಲೇ ಏಳುತ್ತಿದ್ದೀರಾ? ದಿಕ್ಕು ಬದಲಿಸಿದಾಗ ಒಂದು ಎಣಿಕೆ ಹೆಚ್ಚು ಕೂತು ಏಳುವ ತಾಳವನ್ನೂ ಬದಲಿಸಬೇಕು. ನೇರ ದಾರಿಯಲ್ಲಿ ಹೋಗುವಾಗ ಇದನ್ನು ಬಹಳ ಜನ ಮರೆಯುತ್ತಾರೆ. ಒಂದೇ ಕಾಲಿನ ತಾಳಕ್ಕೆ ಎದ್ದು ಎದ್ದು ಕುದುರೆ, ಸವಾರ ಇಬ್ಬರೂ ಸೊಟ್ಟಗಾಗುತ್ತಾರೆ.

ಮತ್ತೊಬ್ಬರು: ಸವಾರಿ ವಾರಕ್ಕೆ ಎರಡು ಗಂಟೆ, ಉಳಿದ ಹೊತ್ತು? ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿದಾಗ ಯಾವಾಗಲೂ ಎಡಗಾಲೇ ಊರುತ್ತೀರಾ? ಬ್ಯಾಗು ಒಂದೇ ಹೆಗಲಿಗಾ? ಮನೆಯಲ್ಲಿ ಎರಡು ತೂಕದ ಯಂತ್ರ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಪಾದ ಇಟ್ಟು ನಿಲ್ಲಿ. ಕಣ್ಣು ಮುಚ್ಚಿ ನಿಂತು, ಆಮೇಲೆ ಬೇರೆಯವರಿಂದ ಓದಿಸಿ. ನನಗೆ ಏಳು ಕಿಲೋ ವ್ಯತ್ಯಾಸ ಬಂದಿತ್ತು. ಫಿಸಿಯೋ ಹತ್ತಿರ ಹೋದಾಗ ಒಂದು ಕಾಲು ಸ್ವಲ್ಪ ಗಿಡ್ಡ ಅಂತ ಗೊತ್ತಾಯಿತು. ಸೊಂಟ ನೋವೋ ಕಾಲು ಜೋಮೋ ಇದ್ದರೆ ಮೊದಲು ಡಾಕ್ಟರು, ಆಮೇಲೆ ಕುದುರೆ.

ಮೈಸೂರಿನವರೊಬ್ಬರು: ದಸರಾ ಜಂಬೂಸವಾರಿಯಲ್ಲಿ ಅಶ್ವಾರೋಹಿ ಪೊಲೀಸರನ್ನು ಹಿಂದಿನಿಂದ ನೋಡಿ. ಸುಮ್ನೆ ಸೊಂಟ ಮಾತ್ರ ನೋಡಿ, ಪೇಟ ಅಲ್ಲ. ಮತ್ತೆ, ಲಂಜ್ ಹಗ್ಗದಲ್ಲಿ (ಮೇಷ್ಟ್ರು ನಡುವೆ ನಿಂತು ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತು ಹಾಕಿಸುವಾಗ) ಸ್ಟಿರಪ್ ಇಲ್ಲದೆ ಹತ್ತು ನಿಮಿಷ ಕೂರಿ. ಸುಸ್ತಾದ ಮೇಲೂ ಮುಂದುವರಿಸಿದರೆ ಸೊಟ್ಟಗೆ ಕೂರುವುದನ್ನೇ ಕಲಿಯುತ್ತೀರಿ.

ಕೇಳಿದವರು: ಇವತ್ತು ಬೆಲ್ಟು ನೇತುಹಾಕಿದೆ. ಎಡದ್ದು ಒಂದು ಬೆರಳು ಉದ್ದ! ಭಾನುವಾರ ಟೇಪು, ವಿಡಿಯೋ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ.