ಅಪ್‌ಡೇಟ್: ಕೆವಿಎಂಗೆ ಕೆವಿಎಂ ಜೋಡಿಸಿದ್ದು ಕೊನೆಗೂ ವರ್ಕ್ ಆಯ್ತು

ಹೋದ ವಾರ ಕೇಳಿದ್ನಲ್ಲ, 20 ಸರ್ವರ್ ಇದೆ, 8 ಪೋರ್ಟಿನ ಕೆವಿಎಂ ಸ್ವಿಚ್ (ಒಂದೇ ಕೀಬೋರ್ಡು, ಮಾನಿಟರು, ಮೌಸಿಂದ ಹಲವು ಕಂಪ್ಯೂಟರ್ ನಡೆಸೋ ಡಬ್ಬ) ಮೂರಿದೆ, ಒಂದೇ ಕೀಬೋರ್ಡು ಮಾನಿಟರಲ್ಲಿ ಎಲ್ಲಾ ನೋಡ್ಕೊಳೋಕಾಗತ್ತಾ ಅಂತ, ಆಯ್ತು ಕಣ್ರೀ. ಒಂದನ್ನ ಮಾಸ್ಟರ್ ಮಾಡ್ಕೊಂಡು ಅದರ 7, 8ನೇ ಪೋರ್ಟಿಂದ ಕೇಬಲ್ ಎಳೆದು ಉಳಿದೆರಡರ ಕನ್ಸೋಲ್ ಕಡೆಗೆ, ಅಂದ್ರೆ ಮಾನಿಟರ್ ಕೀಬೋರ್ಡ್ ಚುಚ್ಚೋ ಜಾಗಕ್ಕೆ ಕೊಟ್ಟೆ. ನನ್ನ ಎಡವಟ್ಟು ಇಲ್ಲೇ ಇದ್ದಿದ್ದು, ಸರ್ವರ್ ಪೋರ್ಟಿಂದ ಸರ್ವರ್ ಪೋರ್ಟಿಗೇ ಕೊಟ್ಟು ಎರಡು ದಿನ ಕಪ್ಪು ಸ್ಕ್ರೀನ್ ನೋಡ್ತಾ ಕೂತಿದ್ದೆ 🤦 ಮಾಸ್ಟರಲ್ಲಿ ಎರಡು ಪೋರ್ಟು ಲಿಂಕಿಗೇ ಹೋಗೋದ್ರಿಂದ 24 ಸಿಗಲ್ಲ, 6+16 ಅಂದ್ರೆ 22, ನಂಗಷ್ಟು ಸಾಕು.

ಆಮೇಲೆ ತಲೆ ತಿಂದಿದ್ದು ಹಾಟ್‌ಕೀ, ಅಂದ್ರೆ ಒಂದು ಸರ್ವರಿಂದ ಇನ್ನೊಂದಕ್ಕೆ ಹೋಗೋಕೆ ಒತ್ತೋ ಕೀ. ಮೂರಕ್ಕೂ ಸ್ಕ್ರೋಲ್ ಲಾಕ್ ಎರಡು ಸಲ ಅಂತಾನೇ ಇತ್ತು, ಒತ್ತಿದ್ರೆ ಮಾಸ್ಟರೇ ನುಂಗ್ಬಿಡ್ತಿತ್ತು, ಕೆಳಗಿನ ಡಬ್ಬಗಳಿಗೆ ತಲುಪ್ತಾನೇ ಇರ್ಲಿಲ್ಲ (ಬೇರೆ ಬೇರೆ ಬ್ರ್ಯಾಂಡು ಬೇರೆ). ಕೆಳಗಿನ ಎರಡಕ್ಕೂ ಕಂಟ್ರೋಲ್ ಕೀ ಎರಡು ಸಲ ಅಂತ ಬದಲಾಯಿಸಿದ್ಮೇಲೆ ಸರಿಹೋಯ್ತು. ಪವರ್ ಕೊಡುವಾಗ ಮೊದಲು ಮಾಸ್ಟರ್, ಆಮೇಲೆ ಸ್ಲೇವ್ (ಕೆಳಗಿನ ಎರಡು ಡಬ್ಬ), ಕೊನೆಗೆ ಸರ್ವರ್, ಉಲ್ಟಾ ಮಾಡಿದ್ರೆ ನಂಗೆ ಕೀಬೋರ್ಡೇ ಸಿಗ್ತಿರ್ಲಿಲ್ಲ.

ವಿಜಿಎ ಕೇಬಲ್ ಉದ್ದ ಆಗಿದ್ದಕ್ಕೆ ಅಕ್ಷರದ ಪಕ್ಕ ನೆರಳು ಬರ್ತಿತ್ತು, ಚಿಕ್ಕ ಕೇಬಲ್ ಹಾಕಿ 1024x768ಗೆ ಇಳಿಸ್ದೆ, ಟರ್ಮಿನಲ್ಲಿಗೆ ಧಾರಾಳ.

ಐಪಿಎಂಐ (ನೆಟ್‌ವರ್ಕ್ ಮೂಲಕ ದೂರದಿಂದ್ಲೇ ಸರ್ವರ್ ನೋಡ್ಕೊಳೋ ವ್ಯವಸ್ಥೆ) ಬಳಸು ಅಂದವ್ರಿಗೆ, ಹಳೇ ಮಷೀನ್ ಸ್ವಾಮಿ, ಅದರಲ್ಲಿ ಆ ಚಿಪ್ಪೇ ಇಲ್ಲ. ಇವತ್ತು ಕೂತು ಎಲ್ಲಾ ಕೇಬಲ್ಲಿಗೂ ಲೇಬಲ್ ಅಂಟಿಸ್ತಿದೀನಿ, ನಿನ್ನೆ 7-3 (ಮಾಸ್ಟರಿನ 7ನೇ ಪೋರ್ಟಿಗಿರೋ ಡಬ್ಬದ 3ನೇ ಸರ್ವರ್) ಅಂದ್ಕೊಂಡು 8-3 ರೀಬೂಟ್ ಮಾಡ್ಬಿಟ್ಟೆ.